ಮೇಡಂಗೊಂದು ಗಾಡಿ

ಮೂರು ಗಾಡಿಗಳು ನಮ್ಮ ಆಫೀಸಿನ ಹುಣಸೆಮರದ ಕೆಳಗೆ ಸಾಲಾಗಿ ನಿಂತಿದ್ದ ಬೆಳಿಗ್ಗೆಯಿಂದ ಶುರು ಮಾಡುತ್ತೇನೆ. ಕ್ಯಾನ್‌ವಾಸು ಹೊದಿಕೆಯ ಒಂದು ಜೀಪು, ಒಂದು ಬಿಳಿ ಕಾರು, ಚಪ್ಪಟೆ ಮೂತಿಯ ಒಂದು ವ್ಯಾನು. ಮೂರೂ ಹೊಸವಲ್ಲ. ಆ ವರ್ಷದ ಡೈರಿ ಈಗಲೂ ನನ್ನ ಹತ್ತಿರ ಇದೆ. ಆ ದಿನದ ಕೆಳಗೆ ‘ಗಾಡಿಗಳು ಬಂದವು. ಬಿಸಿಲು’ ಎಂದಷ್ಟೇ ಬರೆದುಕೊಂಡಿದ್ದೇನೆ. ಹುಣಸೆಮರ ಡೈರಿಯಲ್ಲಿಲ್ಲ, ನೆನಪಿನಲ್ಲಿದೆ. ಹಾಗಾಗಿ ಅದು ಬೇವಿನ ಮರವೂ ಇದ್ದಿರಬಹುದು. ಮುಂದೆ ಹೇಳುವುದನ್ನೆಲ್ಲ ಓದುವವರು ಇಷ್ಟು ರಿಯಾಯಿತಿ ಕೊಟ್ಟು ಓದಬೇಕು.

ಎಂಬತ್ತರ ದಶಕದ ನಡುವಿನ ಮಾತು. ವಿದೇಶಿ ನೆರವಿನಿಂದ ನಡೆಯುತ್ತಿದ್ದ ಒಂದು ಕುಡಿಯುವ ನೀರಿನ ಯೋಜನೆಗೆ ನಂಜನಗೂಡಿನಲ್ಲಿ ಕಚೇರಿ ಇತ್ತು, ನಾನು ಅಲ್ಲಿ ಸಹಾಯಕ. ನಂಜನಗೂಡು, ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೋರಿಂಗು ಹಾಕಿಸುವುದು, ಅದರ ನೀರು ಕುಡಿಯಲು ಯೋಗ್ಯವೇ ಎಂದು ನೋಡುವುದು ನಮ್ಮ ಕೆಲಸ. ನೀರು ನೋಡಲು ಹೊರದೇಶದಿಂದ ಒಬ್ಬ ಭೂವಿಜ್ಞಾನಿ ಬಂದಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಒಂಟಿ. ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಡಂ.

ಅವರ ಸಂಸ್ಥೆಯವರು ಹೊರದೇಶಗಳಲ್ಲಿ ಜ್ವರಕ್ಕಿಂತ ರಸ್ತೆಗೆ ಹೆಚ್ಚು ಹೆದರುತ್ತಿದ್ದರು. ಕಳಿಸಿದ ಸಿಬ್ಬಂದಿ ತಮ್ಮ ಗಾಡಿಯನ್ನು ತಾವೇ ಓಡಿಸಬೇಕು, ಆ ಗಾಡಿ ಸುರಕ್ಷಿತ ಎಂದು ಸ್ಥಳೀಯ ಕಚೇರಿ ಪರೀಕ್ಷಿಸಿ ಬರೆದುಕೊಡಬೇಕು. ಸಂಕ್ರಾಂತಿಯ ಹೊತ್ತಿಗೆ ಅಂಥ ಗಾಡಿಯೊಂದು ಸಿಗದಿದ್ದರೆ ಮೇಡಂ ಬೇರೆ ದೇಶಕ್ಕೆ ಹೋಗಬೇಕು. ಹೋದರೆ ಅವರ ಕೆಲಸವೂ ಅಲ್ಲಿಗೇ ನಿಲ್ಲುತ್ತಿತ್ತು. ಉಪ್ಪುನೀರು ಬರುತ್ತಿದ್ದ ಹಳ್ಳಿಗಳಲ್ಲಿ ಅವರು ಆಗಿನ್ನೂ ಅರ್ಧ ಮಾತ್ರ ನೋಡಿದ್ದರು.

ಸಂಸ್ಥೆಯವರು ಒಂದು ಕೈಪಿಡಿ ಕಳಿಸಿದ್ದರು. ಹಿಮದ ಮೇಲೆ ಓಡಿಸುವುದಕ್ಕೆ ಅದರಲ್ಲಿ ಒಂದು ಅಧ್ಯಾಯವಿತ್ತು, ಮರುಭೂಮಿಗೆ ಇನ್ನೊಂದು. ಎತ್ತಿನ ಗಾಡಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮ ಯೋಜನಾಧಿಕಾರಿ ಅದನ್ನು ತಿರುವಿ ಹಾಕಿ ನನ್ನ ಮೇಜಿನ ಮೇಲಿಟ್ಟರು.

‘ನೀವೇ ನೋಡ್ರೀ ಇದನ್ನ.’

‘ಸಾರ್, ನನಗೆ ಸೈಕಲ್ ಬಿಟ್ಟು ಬೇರೇನೂ ಓಡಿಸೋಕೆ ಬರಲ್ಲ.’

‘ಎಂಎಸ್ಸಿ ಫಿಸಿಕ್ಸ್ ಅಲ್ವೇನ್ರೀ ನೀವು? ಬ್ರೇಕು ಅಂದ್ರೆ ಫಿಸಿಕ್ಸೇ ತಾನೆ?’

ಹೀಗೆ ಗಾಡಿ ಓಡಿಸಲು ಬಾರದವನು ಗಾಡಿ ಆರಿಸಲು ಕೂತೆ.

ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ರಸ್ತೆ ಅಗಲ. ಭಾನುವಾರ ಕಾರ್ಖಾನೆಗಳಿಗೆ ರಜೆ, ನಾಯಿಯೂ ಓಡಾಡುವುದಿಲ್ಲ. ಅಲ್ಲಿ ಸುಣ್ಣದ ಪುಡಿಯಲ್ಲಿ ಅಡ್ಡಗೆರೆ ಎಳೆದೆ. ನಮ್ಮ ಡ್ರೈವರು ಗಾಡಿಯನ್ನು ಒಂದೇ ವೇಗದಲ್ಲಿ ತಂದು ಗೆರೆ ಮುಟ್ಟಿದ ಕೂಡಲೇ ಬ್ರೇಕು ಒತ್ತಬೇಕು. ಎಲ್ಲಿ ನಿಂತಿತು, ನೇರ ನಿಂತಿತೇ ಅಥವಾ ಯಾವ ಕಡೆಗೆ ಎಳೆಯಿತು ಎಂಬುದನ್ನು ನಾನು ಟೇಪು ಹಿಡಿದು ಅಳೆಯುತ್ತಿದ್ದೆ. ಮೊದಲು ಖಾಲಿ ಗಾಡಿ, ಆಮೇಲೆ ಮರಳಿನ ಚೀಲ ಹೇರಿ, ಆಮೇಲೆ ರಸ್ತೆಗೆ ನೀರು ಸುರಿದು.

ಡ್ರೈವರು ಹತ್ತಿರದ ಹದಿನಾರು ಎಂಬ ಊರಿನವನು, ಜಮೀನಿದ್ದ ಕುಟುಂಬ. ನಲವತ್ತು ದಾಟಿದ, ಬಾಯಿ ಸುಮ್ಮನಿರದ ಮನುಷ್ಯ. ಹಣೆಯ ವಿಭೂತಿ ಬೆವರಿಗೆ ಇಳಿದರೂ ಒರೆಸಿಕೊಳ್ಳುತ್ತಿರಲಿಲ್ಲ. ಸುರಕ್ಷಿತ ಗಾಡಿ ಯಾವುದೆಂಬ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ.

‘ಲಾರಿ ತಗೊಳಿ ಸಾ. ಎದುರ್ಗಡೆಯವ್ನು ತಾನಾಗೇ ಪಕ್ಕುಕ್ ಓಯ್ತಾನೆ. ಇಲ್ಲಾಂದ್ರೆ ಇದುಕ್ಕೊಂದು ನಿಂಬೆಹಣ್ಣು ಕಟ್ಟಿ, ಅದೇ ಸರ್ಟಿಫಿಕೇಟು.’

ನಾನು ಅದನ್ನು ಇಂಗ್ಲಿಷಿಗೆ ತಂದು ಮೇಡಂಗೆ ಹೇಳಿದೆ. ‘ಲಾರಿಯ ಬಗ್ಗೆ ಅವರು ಹೇಳುವುದರಲ್ಲಿ ತಪ್ಪಿಲ್ಲ,’ ಎಂದರು. ‘ಆದರೆ ಎದುರಿನವನ ಸುರಕ್ಷತೆಯನ್ನು ಯಾರು ಪರೀಕ್ಷಿಸುತ್ತಾರೆ?’ ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅವರ ಮಾತು ಸ್ವಲ್ಪ ನನ್ನ ಮಾತಿನಂತೆ ಕೇಳಿಸೀತು. ಅವರು ನನಗಿಂತ ಚುರುಕಾಗಿ ಮಾತಾಡುತ್ತಿದ್ದರು.

ವ್ಯಾನು ಮೊದಲ ಭಾನುವಾರವೇ ಪರೀಕ್ಷೆಯಲ್ಲಿ ಬಿತ್ತು. ಬ್ರೇಕು ಒತ್ತಿದಾಗ ಮೂತಿ ಕೆಳಗೆ ಹಾಕಿ ಎಡಕ್ಕೆ ಎಳೆಯುತ್ತಿತ್ತು. ಗ್ಯಾರೇಜಿನಲ್ಲಿ ಡ್ರಮ್ಮು ಬಿಚ್ಚಿಸಿ, ಲೈನಿಂಗು ಬದಲಾಯಿಸಿ ತಂದರೂ ಎಡಕ್ಕೇ. ಅದಲ್ಲದೆ ಮೇಡಂ ಮುಂದಿನ ಸೀಟಿನಲ್ಲಿ ಕೂತು ಎದುರಿನ ತಗಡನ್ನು ಬೆರಳಿನಿಂದ ತಟ್ಟಿದರು. ಡಬ್ಬದ ಸದ್ದು ಬಂತು. ‘ಗುದ್ದಿದರೆ ಮೊದಲು ಮುಟ್ಟುವುದು ನನ್ನ ಮಂಡಿ,’ ಎಂದು ಇಳಿದುಬಿಟ್ಟರು.

ಕಾರು ನೇರವಾಗಿ ನಿಲ್ಲುತ್ತಿತ್ತು. ಯೋಜನಾಧಿಕಾರಿಗೆ ಕಾರೇ ಇಷ್ಟ, ಅದರಲ್ಲಿ ಹೋದರೆ ಹಳ್ಳಿಯಲ್ಲಿ ಜನ ಎದ್ದು ನಿಲ್ಲುತ್ತಾರೆ. ಕೈಪಿಡಿಯ ಪ್ರಕಾರ ಎಲ್ಲ ಸೀಟಿಗೂ ಬೆಲ್ಟು ಇರಬೇಕು. ಆಗ ನಮ್ಮ ಕಡೆ ಕಾರಿನಲ್ಲಿ ಬೆಲ್ಟು ಕಂಡವರು ಯಾರು? ಬೆಂಗಳೂರಿನಿಂದ ತರಿಸಿ, ನಂಜನಗೂಡಿನ ಗ್ಯಾರೇಜಿಗೆ ಒಯ್ದೆ. ಗ್ಯಾರೇಜಿನ ಮೇಸ್ತ್ರಿ ಬೆಲ್ಟನ್ನು ಎತ್ತಿ ಹಾವಿನಂತೆ ದೂರ ಹಿಡಿದ.

‘ಇದೇನ್ ಸಾ, ಇಮಾನ ಓಡುಸ್ತೀರಾ?’

ಬರಿಯ ತಗಡಿಗೆ ಬೋಲ್ಟು ಹಾಕಿದರೆ ಎಳೆತಕ್ಕೆ ಹರಿದು ಬರುತ್ತದೆ, ಕೆಳಗಿನಿಂದ ದಪ್ಪ ಪ್ಲೇಟು ಕೊಟ್ಟು ಬಿಗಿಯಬೇಕು ಎಂದು ಚಿತ್ರ ಬರೆದು ತೋರಿಸಿದೆ. ಮೇಸ್ತ್ರಿ ಮಾಡಿದ. ಮಾಡುತ್ತಲೇ ಒಂದು ಪ್ರಶ್ನೆ ಕೇಳಿದ. ‘ಅಲ್ಲಾ ಸಾ, ನಾಲೆ ಪಕ್ದಲ್ಲೇ ಅಲ್ವಾ ನಿಮ್ ದಾರಿ? ಗಾಡಿ ನೀರ್ಗೆ ಬಿದ್ರೆ ಕಟ್ಟಾಕ್ಕೊಂಡೋರು ಎಂಗ್ ಆಚ್ಗೆ ಬರಾದು?’ ಕೈಪಿಡಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನನ್ನ ಫಿಸಿಕ್ಸಿನಲ್ಲೂ ಇರಲಿಲ್ಲ. ಬಕಲು ಒಂದೇ ಕೈಯಲ್ಲಿ ಬಿಚ್ಚುವಂತಿರಬೇಕು ಎಂದು ಬರೆದುಕೊಂಡು, ಕಣ್ಣು ಮುಚ್ಚಿ ಬಿಚ್ಚುವುದನ್ನು ಮೇಡಂ, ಡ್ರೈವರು, ನಾನು ಮೂವರೂ ಅಭ್ಯಾಸ ಮಾಡಿದೆವು.

ಕಾರನ್ನು ಸೋಲಿಸಿದ್ದು ಹುರಳಿ. ಕೊಯ್ಲಿನ ಕಾಲ. ಹದಿನಾರು ಕಡೆಯಿಂದ ನರಸೀಪುರಕ್ಕೆ ಹೋಗುವಾಗ ಒಂದೂರಿನ ಬಳಿ ಟಾರು ರಸ್ತೆಯ ತುಂಬ ಹುರಳಿ ಬಳ್ಳಿ ಹಾಸಿದ್ದರು. ನಮ್ಮ ಕಡೆ ಇದು ಕಣ. ಬಸ್ಸು, ಲಾರಿ ಹಾದುಹೋದರೆ ಒಕ್ಕಣೆ ಆದಂತೆ. ಮೇಡಂ ಓಡಿಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಡ್ರೈವರು. ಹಾಸಿನ ಮೇಲೆ ಹತ್ತಿದ ಮೇಲೆ ಅವರು ಹೆದರಿ ಬ್ರೇಕು ಒತ್ತಿದರು. ಉದುರಿದ ಕಾಳು ಚಕ್ರದ ಕೆಳಗೆ ಉರುಳಿ ಕಾರು ನಿಲ್ಲದೆ ಮೆಲ್ಲಗೆ, ಜಾರುಬಂಡೆಯ ಮೇಲೆ ಕೂತ ಹಾಗೆ, ಜಾರಿತು. ನಿಂತಾಗ ಕೆಳಗಿನಿಂದ ಸುಟ್ಟ ವಾಸನೆ. ಕಾರಿನ ಹೊಟ್ಟೆ ತಗ್ಗು. ಬಳ್ಳಿ ಶಾಫ್ಟಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿ ಹೊಗೆಯಾಡುತ್ತಿತ್ತು. ಡ್ರೈವರು ನೆಲಕ್ಕೆ ಬಿದ್ದು ಕೈಯಿಂದ ಎಳೆದೆಳೆದು ಹಾಕಿದ. ನಾನು ಕುಡಿಯುವ ನೀರಿನ ಕ್ಯಾನು ಸುರಿದೆ.

ಮೊರ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಇದನ್ನೆಲ್ಲ ನೋಡಿ ಹತ್ತಿರ ಬಂದಳು.

‘ಆಯ್ತಾ ಸಾ?’

‘ಆಯ್ತಮ್ಮ.’

‘ಅಂಗಾರೆ ಇನ್ನೊಂದ್ ಕಿತ ಇಂದ್ಕೋಗಿ ಬನ್ನಿ. ಬೆಳಿಗ್ಗಿಂದ ಒಂದ್ ಬಸ್ಸೂ ಬಂದಿಲ್ಲ. ಅವಮ್ಮ ಚೆಂದಾಗಿ ತುಳುಸ್ತಾರೆ.’

ಮೇಡಂ ಏನೆಂದು ಕೇಳಿದರು. ಹೇಳಿದೆ. ಅವರು ನಕ್ಕಿದ್ದನ್ನು ಆವರೆಗೆ ನಾನು ನೋಡಿರಲಿಲ್ಲ.

ಉಳಿದದ್ದು ಜೀಪು. ಅದರ ಹೊಟ್ಟೆ ನೆಲದಿಂದ ಎತ್ತರ, ಕೂತರೆ ಕಬ್ಬಿನ ಗದ್ದೆಯಾಚೆಯ ತಿರುವೂ ಕಾಣುತ್ತದೆ. ಆದರೆ ತಲೆಯ ಮೇಲೆ ಬರೀ ಬಟ್ಟೆ, ಮಗುಚಿದರೆ ಏನೂ ಉಳಿಯುವುದಿಲ್ಲ. ಮೇಸ್ತ್ರಿಯಿಂದ ದಪ್ಪ ಪೈಪನ್ನು ಕಮಾನಿನಂತೆ ಬಗ್ಗಿಸಿ, ಸೀಟಿನ ಹಿಂದೆ ಚಾಸಿಗೇ ಬೆಸುಗೆ ಹಾಕಿಸಿದೆ. ಭುಜದ ಬೆಲ್ಟಿನ ಮೇಲ್ತುದಿಯನ್ನು ಆ ಕಮಾನಿಗೇ ಕಟ್ಟಿಸಿದೆ. ಮೊದಲ ಬೆಸುಗೆ ಸುತ್ತಿಗೆಯ ಪೆಟ್ಟಿಗೆ ಬಿಟ್ಟುಕೊಂಡಿತು, ಮತ್ತೆ ಹಾಕಿಸಿದೆ. ಮೇಲೆ ತಗಡಿನ ಛಾವಣಿ. ಟಯರು ನಾಲ್ಕೂ ಹೊಸತು. ಇದಕ್ಕೆಲ್ಲ ವಾರಗಟ್ಟಲೆ ಹಿಡಿಯಿತು. ಆ ವಾರಗಳನ್ನು ನಾನು ಸಹನೆಯಿಂದ ಕಳೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಗಿಯದಿರಲಿ ಎಂದು ಒಳಗೊಳಗೇ ಇತ್ತು.

ಕಾರಣ ಹೇಳಬೇಕು. ಆಗ ನಾನು ಸ್ಟೇಷನ್ನಿನ ಹತ್ತಿರ ಒಂದು ಕೋಣೆಯಲ್ಲಿದ್ದೆ. ಬೆಳಿಗ್ಗೆ ಸ್ಟವ್ ಹಚ್ಚಿ ಅನ್ನ ಮಾಡಿಕೊಂಡು, ಅರ್ಧ ಡಬ್ಬಿಗೆ, ಅರ್ಧ ರಾತ್ರಿಗೆ. ಆಫೀಸು ಬಿಟ್ಟ ಮೇಲೆ ಮಾರನೆಯ ಬೆಳಿಗ್ಗೆಯವರೆಗೆ ಒಬ್ಬರೊಡನೆಯೂ ಮಾತಿಲ್ಲದ ದಿನಗಳೇ ಹೆಚ್ಚು. ಕೆಲವು ಸಲ ನನ್ನ ಗಂಟಲು ಕಟ್ಟಿದೆಯೋ ಎಂದು ನೋಡಲು ಗಟ್ಟಿಯಾಗಿ ಏನಾದರೂ ಓದುತ್ತಿದ್ದೆ. ಮೇಡಂ ಊರಾಚೆ ಬಾಡಿಗೆ ಮನೆಯಲ್ಲಿದ್ದರು. ಅವರ ಸ್ಥಿತಿಯೂ ಹೀಗೇ ಇತ್ತೆಂದು ಕಾಣುತ್ತದೆ, ಆದರೆ ನಾವು ಅದನ್ನು ಮಾತಾಡಿದವರಲ್ಲ. ಪರೀಕ್ಷೆಯ ಓಡಾಟದಲ್ಲಿ ಮಾತ್ರ, ರೈಲೂ ರಸ್ತೆಯೂ ಅಕ್ಕಪಕ್ಕ ಹೋಗುವ ಹಳೆಯ ಸೇತುವೆ ದಾಟುವಾಗ, ಎದುರಿನ ಗಾಡಿಗಾಗಿ ಕಾಯುವಾಗ, ಒಂದೆರಡು ಮಾತು. ಮಧ್ಯಾಹ್ನ ನರಸೀಪುರದಲ್ಲಿ ಹೊಳೆಯ ಮೆಟ್ಟಿಲಿನ ಮೇಲೆ ಕೂರುತ್ತಿದ್ದೆವು. ಅವರು ಬ್ರೆಡ್ಡು, ಸೌತೆಕಾಯಿ. ನಾನು ಮೊಸರನ್ನ. ನಡುವೆ ಇಬ್ಬರು ಕೂರುವಷ್ಟು ಜಾಗ.

ಅಲ್ಲೇ ಒಮ್ಮೆ ಅವರು ಹೇಳಿದರು. ಹಿಂದೆ ಇದ್ದ ದೇಶದಲ್ಲಿ ಅವರಿಗೆ ಸ್ಟೀರಿಂಗು ಮುಟ್ಟಲು ಬಿಟ್ಟಿರಲಿಲ್ಲವಂತೆ. ‘ಅಲ್ಲಿ ನಾನು ಪಾರ್ಸೆಲ್ಲು. ಒಬ್ಬರು ಹತ್ತಿಸುವುದು, ಒಬ್ಬರು ಇಳಿಸಿಕೊಳ್ಳುವುದು. ಪರದೇಶದಲ್ಲಿ ಗಾಡಿ ಓಡಿಸದವರು ಎಷ್ಟು ವರ್ಷ ಇದ್ದರೂ ಯಾರದೋ ಅತಿಥಿ.’

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಅಣ್ಣ ಸಿಕ್ಕ. ಸೋಸಲೆ ನಮ್ಮೂರು. ಅಣ್ಣ ಅಲ್ಲಿ ಮಠದ ಕೆಲಸ ನೋಡಿಕೊಂಡು ಮನೆ ನಡೆಸುತ್ತಿದ್ದ. ಜೀಪಿನಿಂದ ನಾನು ಇಳಿದದ್ದನ್ನೂ, ಓಡಿಸಿದವರು ಯಾರೆಂಬುದನ್ನೂ ನೋಡಿದ್ದ.

‘ಏನೋ, ಹೆಂಗಸರ ಕೈಲಿ ಗಾಡಿ ಹೊಡೆಸಿಕೊಂಡು ಮೆರವಣಿಗೆ ಹೊರಟಿದ್ದೀಯ?’

‘ಆಫೀಸಿನ ಕೆಲಸ ಅಣ್ಣ.’

‘ಇಷ್ಟು ದೂರ ಬಂದೋನು ಮನೆಗೆ ಬರಬಾರದಾ? ನಿಮ್ಮತ್ತಿಗೆ ಕೇಳ್ತಿರ್ತಾಳೆ.’

ನಾನು ಜೀಪಿನ ಕಡೆ ನೋಡಿದೆ. ಅವನಿಗೆ ಅರ್ಥವಾಯಿತು.

‘ಜಗಲಿ ಮೇಲೆ ಕೂರಿಸಿ ಕಾಫಿ ಕೊಡಬಹುದು ಕಣೋ, ಅದಕ್ಕೇನಂತೆ,’ ಎಂದ. ಅಣ್ಣ ಕೆಟ್ಟವನಲ್ಲ, ಅಷ್ಟು ಹೇಳಲೂ ಅವನಿಗೆ ಕಷ್ಟವಾಗಿತ್ತು. ಅವರನ್ನು ಜಗಲಿಯ ಮೇಲೆ ಬಿಟ್ಟು ನಾನು ಒಳಗೆ ಕೂತು ಉಣ್ಣುವ ಚಿತ್ರ ಕಣ್ಣಿಗೆ ಬಂತು. ಇನ್ನೊಂದು ಸಲ ಬರುತ್ತೇನೆ ಎಂದೆ.

ಸಂಕ್ರಾಂತಿ ಹತ್ತಿರ ಬಂದಾಗ ಉಳಿದಿದ್ದದ್ದು ಒಂದೇ ಪರೀಕ್ಷೆ. ನಾಲೆಯ ಏರಿ. ಹಲವು ಹಳ್ಳಿಗಳಿಗೆ ಅದೇ ದಾರಿ. ನರಸೀಪುರದಾಚೆ ಅಂಥ ಒಂದು ಏರಿಗೆ ಜೀಪು ಹತ್ತಿಸಿದೆವು. ಬಲಕ್ಕೆ ತುಂಬಿ ಹರಿಯುವ ನಾಲೆ, ಎಡಕ್ಕೆ ಇಳಿಜಾರು, ಕೆಳಗೆ ಗದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಕಬ್ಬಿನ ಗಾಡಿ, ಎರಡು ಎತ್ತು. ಮೇಡಂ ನಿಲ್ಲಿಸಿದರು. ಜಾಗವಿತ್ತು, ಆದರೆ ಅಳೆದು ತೂಗಿ ಹೋಗಬೇಕು. ಹಿಂದೆ ಕೂತಿದ್ದ ಡ್ರೈವರು ಕೆಳಗಿಳಿದು ಮುಂದೆ ಹೋಗಿ, ನಮಗೆ ಎದುರಾಗಿ ನಿಂತು, ಎರಡೂ ಕೈ ಆಡಿಸುತ್ತ ಹಿಂದಕ್ಕೆ ಹೆಜ್ಜೆ ಹಾಕತೊಡಗಿದ. ನಮ್ಮೂರಿನ ಯಾವ ಬಸ್ಸಿನ ಹಿಂದೆ ನಿಂತರೂ ಕೇಳಿಸುವ ದನಿ.

‘ರೈಟ್... ರೈಟ್... ರೈಟ್ ರೈಟ್...’

ಜೀಪು ಮುಂದೆ ಸರಿಯಿತು. ಸರಿಯುತ್ತ ಬಲಕ್ಕೆ ತಿರುಗಿತು. ನಾನು ಎಡಗಡೆಯ ಸೀಟಿನಲ್ಲಿ ಎತ್ತಿನ ಕೊಂಬು ನೋಡುತ್ತಿದ್ದೆ. ಡ್ರೈವರಿಗೆ ಅಪಾಯ ಕಂಡಿತು. ಎರಡೂ ಕೈ ಮೇಲೆತ್ತಿ ಕೂಗಿದ.

‘ಓಲ್ಡಾನ್! ಓಲ್ಡಾನ್!’

ಮೇಡಂ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡರು. ಬ್ರೇಕು ಒತ್ತಲಿಲ್ಲ.

ಬಲಗಡೆಯ ಮುಂದಿನ ಚಕ್ರ ಏರಿಯ ಅಂಚಿನಿಂದ ಕಳಚಿತು. ಜೀಪು ಓಲಿ, ನಾಲೆಯ ಒಳದಡದಲ್ಲಿದ್ದ ಹೊಂಗೆಮರಕ್ಕೆ ಒರಗಿ ನಿಂತಿತು. ಕಮಾನು ಮರಕ್ಕೆ ತಾಗಿತ್ತು, ಛಾವಣಿ ಸೊಟ್ಟಗಾಗಿತ್ತು. ನಾನು ಬೆಲ್ಟಿನಲ್ಲಿ ಅವರ ಮೇಲೆ ನೇತಾಡುತ್ತಿದ್ದೆ. ಕೆಳಗೆ, ಅವರ ಭುಜದಾಚೆ, ಹಸಿರು ನೀರು. ಎಂಜಿನ್ನು ತಾನಾಗಿ ನಿಂತಿತು. ಬಕಲು ಒಂದೇ ಕೈಗೆ ಬಿಚ್ಚಿತು. ಮೊದಲು ನಾನು ಹತ್ತಿ ಇಳಿದೆ, ಆಮೇಲೆ ಅವರ ಕೈ ಹಿಡಿದು ಎಳೆದುಕೊಂಡೆ. ಅವರ ಕೈ ಹಿಡಿದದ್ದು ಅದೊಂದೇ ಸಲ. ಅದು ತಣ್ಣಗಿತ್ತೋ ಬೆಚ್ಚಗಿತ್ತೋ, ಎಷ್ಟು ಪ್ರಯತ್ನಿಸಿದರೂ ನೆನಪಾಗುವುದಿಲ್ಲ.

ಡ್ರೈವರು ಏರಿಯ ಮೇಲೆ ಕುಕ್ಕರಿಸಿಬಿಟ್ಟ. ‘ರೈಟ್ ಅಂದ್ರೆ ಬಲಗಡೀಕ್ ತಿರುಗ್ಸಾದಾ ಸಾ? ರೈಟ್ ಅಂದ್ರೆ ಬನ್ನಿ ಅಂತ ಅಲ್ವಾ? ಬಸ್ಸ್‌ನಲ್ಲಿ ಕಂಡಕ್ಟ್ರು ರೈಟ್ ಅಂದ್ರೆ ಡ್ರೈವರು ಒಲುಕ್ಕೆ ನುಗ್ಸುತಾನಾ?’

ಕಬ್ಬಿನ ಗಾಡಿಯವನು ಎತ್ತು ಬಿಚ್ಚುತ್ತ ಅವನನ್ನು ಕಿಚಾಯಿಸಿದ. ‘ಲೇ, ನಿನ್ ಇಂಗ್ಲೀಸು ನನ್ ಎತ್ತುಗೇ ತಿಳಿನಿಲ್ಲ. ಪಾಪ ಅವಮ್ಮಂಗೆ ಎಂಗ್ ತಿಳ್ದಾತ್ಲಾ?’

ಎತ್ತು ಕಟ್ಟಿ, ಹಗ್ಗ ಬಿಗಿದು, ಜೀಪನ್ನು ಏರಿಗೆ ತಂದರು. ಅಷ್ಟು ಹೊತ್ತೂ ಮೇಡಂ ಒಂದು ಕಲ್ಲಿನ ಮೇಲೆ ಕೂತಿದ್ದರು. ಹತ್ತಿರ ಹೋದಾಗ ಕೇಳಿದರು.

‘ಓಲ್ಡಾನ್ ಎಂದರೆ ಕನ್ನಡದಲ್ಲಿ ಏನು?’

‘ನಿಲ್ಲಿಸು ಅಂತ.’

‘ರೈಟ್?’

‘ಹೊರಡು. ಬಾ. ಸರಿಯಾಗಿದೆ.’

‘ಹಾಗಾದರೆ ಅವರು ನನಗೆ ಸರಿಯಾಗಿಯೇ ಹೇಳಿದರು. ಇಂಗ್ಲಿಷಿನಲ್ಲಿ ಹೋಲ್ಡ್ ಆನ್ ಎಂದರೆ ಬಿಗಿಯಾಗಿ ಹಿಡಿದುಕೋ ಅಂತ,’ ಎಂದರು. ಆಮೇಲೆ, ‘ನಮ್ಮ ದೇಶದಲ್ಲಿ ನಾವು ರಸ್ತೆಯ ಬಲಗಡೆಗೇ ಹೋಗುವುದು. ಹೆದರಿಕೆಯಾದಾಗ ಕೈ ತಾನಾಗಿ ಆ ಕಡೆಗೇ ಹೋಗುತ್ತದೆ. ಅದಕ್ಕೆ ನಿಮ್ಮ ಡ್ರೈವರಿನ ಅನುಮತಿಯೂ ಸಿಕ್ಕಿತು.’

ಆ ಎರಡು ಪದಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅವು ಇಂಗ್ಲಿಷ್ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಏರಿಯ ಮೇಲೆ ಕೇಳಿದಾಗಲೂ ಅವು ನನ್ನ ಕಿವಿಗೆ ಕನ್ನಡವಾಗಿಯೇ ಬಿದ್ದವು.

ಮಾರನೆಯ ದಿನ ಯೋಜನಾಧಿಕಾರಿ ಬಾಗಿಲು ಹಾಕಿಸಿ ಕೂರಿಸಿಕೊಂಡರು. ಮೈಸೂರಿನ ಮೇಲಿನ ಕಚೇರಿಗೆ ಫೋನು ಮಾಡಿ ಮಾತಾಡಿದ್ದರು.

‘ಜೀಪು ಓಕೆ ಅಂತ ಬರೀರಿ. ಬೆಲ್ಟು, ಕಮಾನು ಎಲ್ಲ ನಿಂತಿದೆಯಲ್ಲ. ಆದರೆ ಜೊತೆಗೊಬ್ಬರು ಇಲ್ಲದೆ ಓಡಿಸಕೂಡದು ಅಂತ ಒಂದು ಸಾಲು ಸೇರಿಸಿ.’

‘ಒಬ್ಬರೇ ಓಡಿಸಬಹುದೇ ಅಂತ ಸಂಸ್ಥೆಯವರ ಪ್ರಶ್ನೆ ಇದೆ ಸಾರ್.’

‘ಸಹಾಯಕರು ಜೊತೆಗಿರ್ತಾರೆ ಅಂದ್ರೆ ಒಪ್ತಾರೆ, ನಾನು ವಿಚಾರಿಸಿದೀನಿ. ನೀವೇ ಹೋಗ್ರೀ ಜೊತೆಗೆ. ಇಂಗ್ಲಿಷ್ ಬರತ್ತೆ, ಕನ್ನಡ ಬರತ್ತೆ, ಫಿಸಿಕ್ಸ್ ಬರತ್ತೆ. ಆಫೀಸಲ್ಲಿ ನಿಮಗೇನು ಕಡಿದು ಹಾಕೋ ಕೆಲಸ?’

ಒಂದು ಸಾಲು ಬರೆದರೆ ಎಲ್ಲರಿಗೂ ಒಪ್ಪಿಗೆ. ಮೇಡಂ ಇಲ್ಲೇ ಇರುತ್ತಾರೆ, ಸ್ಟೀರಿಂಗೂ ಅವರ ಕೈಯಲ್ಲೇ. ಎಡಗಡೆಯ ಸೀಟು ವರ್ಷವಿಡೀ ನನ್ನದು. ಏರಿಯ ಮೇಲೆ ಆದದ್ದನ್ನು ನೋಡಿದ ಯಾರಾದರೂ ಅದನ್ನೇ ಬರೆಯುತ್ತಿದ್ದರು. ನನಗೆ ತೊಂದರೆಯಾದದ್ದು ಅದರಿಂದಲೇ. ಸರಿಯಾದ ಉತ್ತರವೂ ನಾನು ಬಯಸುವ ಉತ್ತರವೂ ಒಂದೇ ಆಗಿ ಬಂದಾಗ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು ಎಂದು ಪ್ರಯೋಗಾಲಯದಲ್ಲಿ ಕಲಿತಿದ್ದೆ.

ಮೇಡಂಗೆ ಅಧಿಕಾರಿಯ ಮಾತು ತಿಳಿಸಿದೆ. ಅವರು ಕೋಪಿಸಿಕೊಳ್ಳಲಿಲ್ಲ. ‘ಹಾಗೆ ಬರೆದರೆ ನಾನು ಹೊರಡುತ್ತೇನೆ. ಜೊತೆಗಾರ ಬೇಕು ಎಂಬ ಕಾಗದ ಒಮ್ಮೆ ಹಿಂದೆ ಬಿದ್ದರೆ ಮುಂದಿನ ದೇಶಕ್ಕೂ ಬರುತ್ತದೆ.’ ಇದನ್ನು ಅವರು ನಾನು ಮನಸ್ಸು ಮಾಡುವ ಮೊದಲು ಹೇಳಿದರೋ ಆಮೇಲೆ ಹೇಳಿದರೋ ಎಂಬುದು ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಮೊದಲೇ ಹೇಳಿದ್ದರೆ ನನ್ನ ತೀರ್ಮಾನಕ್ಕೆ ಅಂಥ ಬೆಲೆಯಿಲ್ಲ. ಡೈರಿಯಲ್ಲಿ ಎರಡೂ ಒಂದೇ ದಿನದ ಕೆಳಗಿವೆ.

ತೀರ್ಮಾನ ಎಂದರೆ ಇಷ್ಟೇ. ಪರೀಕ್ಷೆಗಳ ಟಿಪ್ಪಣಿಗಳನ್ನೆಲ್ಲ ಮುಂದೆ ಹರಡಿಕೊಂಡೆ. ಗಾಡಿ ಬದಲಾಗಿತ್ತು, ಟಯರು ಬದಲಾಗಿತ್ತು, ರಸ್ತೆ ಬದಲಾಗಿತ್ತು. ಬದಲಾಗದೆ ಉಳಿದದ್ದು ಒಂದು. ಪ್ರತಿ ಸಲವೂ ಅವರ ಜೊತೆಗೆ ನಮ್ಮಲ್ಲಿ ಯಾರೋ ಒಬ್ಬರು ಮಾತಾಡುತ್ತಿದ್ದರು. ‘ನಿಧಾನ’, ‘ಎತ್ತು ಬಂತು’, ‘ಹಾರನ್ನು ಹೊಡೆಯಿರಿ’. ಹುರಳಿಯ ಮೇಲೆ ಬ್ರೇಕು ಒತ್ತುವ ಮೊದಲು ‘ನೋಡಿಕೊಂಡು’ ಎಂದು ನಾನು ಕೂಗಿದ್ದೆ ಎಂದೂ ಅಲ್ಲಿ ಬರೆದುಕೊಂಡಿದ್ದೆ, ನನ್ನದೇ ಅಕ್ಷರ. ಮೇಡಂ ಒಬ್ಬರೇ ಇರುವ ಜೀಪನ್ನು ನಾವು ಪರೀಕ್ಷಿಸಿಯೇ ಇರಲಿಲ್ಲ.

ಛಾವಣಿ ನೆಟ್ಟಗೆ ಮಾಡಿಸಿ, ಮುಂದಿನ ಆಕ್ಸಲು ನೋಡಿಸಿ, ಬೆಲ್ಟು ಹೊಸದು ಹಾಕಿಸಿದೆ. ಒಮ್ಮೆ ಜಗ್ಗಿದ ಬೆಲ್ಟು ಮತ್ತೆ ಬಳಸಬಾರದೆಂದು ಕೈಪಿಡಿಯಲ್ಲಿತ್ತು. ಅದೇ ಏರಿಗೆ ಹೋದೆವು. ಕಬ್ಬಿನ ಗಾಡಿಯವನಿಗೆ ಮೊದಲೇ ಹೇಳಿದ್ದೆವು. ಅವನಿಗೆ ಬಹಳ ಖುಷಿ.

‘ಇವತ್ತೂ ಎತ್ತು ಬಿಚ್ಬೇಕಾ ಸಾ? ಹಗ್ಗ ತಂದಿವ್ನಿ.’

ಡ್ರೈವರೂ ನಾನೂ ಏರಿಯ ಬುಡದಲ್ಲಿ ಇಳಿದುಕೊಂಡೆವು. ಮೇಡಂ ನಮ್ಮನ್ನು ಒಮ್ಮೆ ನೋಡಿ, ಬೆಲ್ಟು ಬಿಗಿದುಕೊಂಡು ಹೊರಟರು. ಒಳಗೆ ಒಂದೇ ತಲೆ ಕಾಣುವ ಜೀಪನ್ನು ಹಿಂದಿನಿಂದ ನೋಡಿದ್ದು ಅದೇ ಮೊದಲು. ಎದುರಿನಿಂದ ಕಬ್ಬು ಬಂತು. ಜೀಪು ನಿಂತಿತು. ಬಹಳ ಹೊತ್ತು ನಿಂತಿತು. ನನ್ನ ಬಾಯಲ್ಲಿ ಮಾತು ಬಂದು ತುಟಿಯ ಹತ್ತಿರ ನಿಂತಿತ್ತು. ಪಕ್ಕದಲ್ಲಿ ಡ್ರೈವರಿನ ಕೈ ತಾನಾಗಿ ಮೇಲೇಳುತ್ತಿತ್ತು, ನಾನು ಅದನ್ನು ಹಿಡಿದುಕೊಂಡೆ.

‘ಕೂಗ್ಲಾ ಸಾ?’

‘ಬೇಡ.’

‘ಬರೀ ಒಂದ್ ರೈಟು...’

‘ಬಾಯಿ ಮುಚ್ಚಪ್ಪ.’

ಜೀಪಿನ ಹಿಂದಿನ ಚಕ್ರಗಳು ತಿರುಗಿದವು. ಅವರು ಮುಂದಕ್ಕೆ ಹೋಗಲೇ ಇಲ್ಲ. ನಿಧಾನವಾಗಿ, ಅಂಚು ನೋಡಿಕೊಂಡು, ಹಿಂದಕ್ಕೆ ಬಂದರು. ತೂಬಿನ ಹತ್ತಿರ ಏರಿ ಅಗಲವಾಗುತ್ತದೆ. ಅಲ್ಲಿಗೆ ಸರಿದು, ಎಂಜಿನ್ನು ಆರಿಸಿ, ಕೈ ಮಡಿಚಿ ಕೂತರು. ಕಬ್ಬಿನ ಗಾಡಿ ತನ್ನ ಪಾಡಿಗೆ ದಾಟಿತು. ಹಿಂದಕ್ಕೆ ಬರುವ ಯೋಚನೆ ಡ್ರೈವರಿಗೂ ನನಗೂ ಬಂದಿರಲಿಲ್ಲ. ನಮ್ಮ ಕಡೆ ಹಿಂದಕ್ಕೆ ಹೋದವನು ಸೋತವನು.

‘ಥೂ, ಜಾಗ ಇತ್ತು ಸಾ, ಓಗ್ಬೋದಿತ್ತು,’ ಎಂದು ಡ್ರೈವರು ಗೊಣಗಿದ. ಆದರೆ ಅವನ ಮುಖ ಭಾರ ಇಳಿದಂತೆ ಅರಳಿತ್ತು.

ಆ ಸಂಜೆ ಬರೆದೆ. ಜೀಪು ಸುರಕ್ಷಿತ. ಸಿಬ್ಬಂದಿ ಒಬ್ಬರೇ ಓಡಿಸಬಹುದು. ಕತ್ತಲಾಗುವ ಮೊದಲು ವಾಪಸು ಬರಬೇಕು. ರಸ್ತೆಯಲ್ಲಿ ಬೆಳೆ ಹಾಸಿದ್ದರೆ ವೇಗ ಮೊದಲೇ ತಗ್ಗಿಸಬೇಕು, ಅದರ ಮೇಲೆ ಬ್ರೇಕು ಒತ್ತಕೂಡದು. ದಾರಿ ತೋರಿಸುವವರು ‘ಬನ್ನಿ’, ‘ನಿಲ್ಸಿ’ ಎಂಬ ಕನ್ನಡ ಪದಗಳನ್ನೇ ಬಳಸಬೇಕು. ಕೊನೆಯದನ್ನು ಓದಿ ಯೋಜನಾಧಿಕಾರಿ ತಲೆಯೆತ್ತಿದರು. ‘ಇದನ್ನ ಯಾವ ದೇಶದೋರು ಓದ್ತಾರ್ರೀ?’ ಆದರೂ ರುಜು ಹಾಕಿದರು. ‘ಜೊತೆಗೆ ಹೋಗೋ ಅವಕಾಶ ನೀವಾಗಿ ಬಿಟ್ರಲ್ಲ,’ ಎಂದೂ ಅಂದರು. ನಾನು ಕಾಗದವನ್ನು ಮಡಿಚಿ ಲಕೋಟೆಗೆ ಹಾಕಿದೆ.

ಒಪ್ಪಿಗೆ ಬಂದದ್ದು ಹಬ್ಬಕ್ಕೆ ಸ್ವಲ್ಪ ಮೊದಲು. ಮೊದಲ ದಿನ ಅವರು ಬೆಳಿಗ್ಗೆಯೇ ನರಸೀಪುರದ ಕಡೆಯ ಹಳ್ಳಿಗಳಿಗೆ ಹೊರಟರು. ನಾನು ಆಫೀಸಿನಲ್ಲಿ ಕೂತು ಪಂಪಿನ ಬಿಡಿಭಾಗಗಳ ಪತ್ರಗಳಿಗೆ ಉತ್ತರ ಬರೆದೆ. ಡಬ್ಬಿಯನ್ನು ಮೇಜಿನ ಮೇಲೇ ಬಿಚ್ಚಿದೆ. ಡ್ರೈವರು ಹುಣಸೆಮರದ ಕೆಳಗೆ ವ್ಯಾನಿನ ನೆರಳಲ್ಲಿ ಮಲಗಿ, ಆಗಾಗ ಎದ್ದು ರಸ್ತೆಗೆ ಹೋಗಿ ನೋಡಿ ಬರುತ್ತಿದ್ದ. ‘ಇನ್ನೂ ಒತ್ತಿಳಿದಿಲ್ಲ ಬುಡಿ ಸಾ,’ ಎಂದು ನಾನು ಕೇಳದಿದ್ದರೂ ಹೇಳುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಮೇಡಂ ಇಳಿದು, ಧೂಳು ಕೊಡವಿಕೊಂಡು, ಎರಡು ಹಳ್ಳಿಗಳ ನೀರು ಉಪ್ಪಲ್ಲ ಎಂದು ಹೇಳಿದರು. ಅವರು ಕೈಕಾಲು ತೊಳೆಯಲು ಒಳಗೆ ಹೋದರು.

ವಾಪಸು ಬಂದ ಗಾಡಿಯನ್ನು ನೋಡುವುದು ನನ್ನ ಕೆಲಸ. ಟಯರು ನೋಡಿದೆ. ಬಗ್ಗಿ ಶಾಫ್ಟು ನೋಡಿದೆ, ಒಂದೆರಡು ಹುರಳಿ ಎಳೆ ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಎಡಗಡೆಯ ಬಾಗಿಲು ತೆರೆದೆ. ಸೀಟಿನ ಮೇಲೆ ನೀರಿನ ಸೀಸೆಗಳ ಮರದ ಪೆಟ್ಟಿಗೆ ಇತ್ತು. ಅಲುಗಾಡದ ಹಾಗೆ ಅದಕ್ಕೆ ಬೆಲ್ಟು ಹಾಕಿ, ಬಕಲು ಬಿಗಿದು, ಸೊಂಟಕ್ಕೂ ಭುಜಕ್ಕೂ ಪಟ್ಟಿ ಸರಿಯಾಗಿ ಬರುವಂತೆ ಎಳೆದಿದ್ದರು. ನಾನು ಒಂದೇ ಕೈಯಲ್ಲಿ ಬಕಲು ಬಿಚ್ಚಿ, ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಒಳಗೆ ತಂದಿಟ್ಟೆ. ಒಂದು ಸೀಸೆಯೂ ಒಡೆದಿರಲಿಲ್ಲ.